ನಿಂತು ಓದಿದ್ದು

ಮಸ್ಕತ್ತಿನ ಧೂಳಿಗೆ ರಜೆ ಎಂಬುದಿಲ್ಲ. ಶನಿವಾರ ಒರೆಸಿದ ಕಪಾಟು ಭಾನುವಾರ ಬೆಳಿಗ್ಗೆ ಮತ್ತೆ ಬೂದು ಬಣ್ಣಕ್ಕೆ ತಿರುಗಿರುತ್ತದೆ. ಅಲ್ ಅಜೈಬಾದ ಆ ಖಾಸಗಿ ಕಾಲೇಜಿನ ಲೈಬ್ರರಿಯಲ್ಲಿ ಎಂಬತ್ತಾರು ಕಪಾಟು. ಒರೆಸುವವನು ಒಬ್ಬ. ಹೆಸರು ಪೂವಪ್ಪ. ಸುಳ್ಯದ ಕಡೆಯವನು, ವಯಸ್ಸು ಇಪ್ಪತ್ತೊಂಬತ್ತು, ಪಿಯುಸಿ ಪಾಸು. ಪಿಯುಸಿ ಪಾಸಾದವನು ಬಟ್ಟೆ ಹಿಡಿದು ಕಪಾಟು ಒರೆಸುವುದೇಕೆ ಎಂದು ಕೇಳುವವರು ಕೇಳಲಿ. ಮುಂಬಯಿಯ ಏಜೆಂಟ 'ಆಫೀಸು ಕೆಲಸ' ಎಂದಿದ್ದ. ಸುಳ್ಳೇನೂ ಹೇಳಿರಲಿಲ್ಲ ಬಿಡಿ, ಆಫೀಸು ತೊಳೆಯುವ ಕೆಲಸವೇ ಅದು. ವೀಸಾದಲ್ಲಿ ಕ್ಲೀನರ್ ಎಂದು ಅರಬಿಯಲ್ಲಿ ಬರೆದಿತ್ತು. ಇವನಿಗೆ ಅರಬಿ ಓದಲಿಕ್ಕೆ ಬಂದಿದ್ದರೆ ತಾನೆ?

ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು. ಅಲ್ ಮಬೇಲಾದ ಲೇಬರ್ ಕ್ಯಾಂಪು, ಒಂದು ಕೋಣೆಗೆ ಹತ್ತು ಜನ, ನೀರಿಗೆ ಸಾಲು. ಐದೂಕಾಲಿಗೆ ಕಂಪನಿಯ ವ್ಯಾನು. ಅದರ ಡ್ರೈವರ್ ಉಮ್ಮರ್, ಉಪ್ಪಿನಂಗಡಿಯ ಬ್ಯಾರಿ, ಪೂವಪ್ಪನ ಪಕ್ಕದ ಮಂಚದವನು. ಆರಕ್ಕೆ ಕಾಲೇಜು. ಹನ್ನೊಂದು ಪಾಯಿಖಾನೆ, ಎರಡು ಮಹಡಿಯ ವರಾಂಡ, ಹದಿನಾಲ್ಕು ತರಗತಿ, ಆಮೇಲೆ ಲೈಬ್ರರಿ. ಫಿನಾಯಿಲಿಗೆ ಬೆರಳಿನ ಸಂದು ಒಡೆದು ಉಪ್ಪು ಮುಟ್ಟಿದರೆ ಉರಿಯುತ್ತಿತ್ತು. ಊಟ ಮಾಡುವಾಗಲೂ ಕೈಯಲ್ಲಿ ಅದೇ ವಾಸನೆ. ಮೀನು ಸಾರು ಕೂಡ ಫಿನಾಯಿಲ್ ಸಾರು.

ತೊಂಬತ್ತೇಳರಲ್ಲಿ ಆ ಕಾಲೇಜಿನವರು ಸಂಜೆಯ ಫಸ್ಟ್ ಇಯರ್ ತೆರೆದರು. ಸೀಟು ತುಂಬಲಿಲ್ಲ. ತುಂಬದ ಸೀಟಿಗೆ ಜಾತಿಯಿಲ್ಲ, ಯೂನಿಫಾರಮ್ಮಿಲ್ಲ. ಫೀಸು ಕಟ್ಟಿದವರೆಲ್ಲ ಬರಬಹುದು ಎಂದು ನೋಟೀಸು ಹಾಕಿದರು. ನೋಟೀಸು ಬೋರ್ಡಿನ ಗಾಜು ಒರೆಸುತ್ತಿದ್ದ ಪೂವಪ್ಪ ಅದನ್ನು ಓದಿದ. ಎರಡು ಸಲ ಓದಿದ. ಸಂಜೆ ವ್ಯಾನಿನಲ್ಲಿ ಉಮ್ಮರನಿಗೆ ಹೇಳಿದ.

"ನಿನಗೆ ಮಂಡೆ ಸಮ ಉಂಟಾ ಮಾರಾಯ?" ಎಂದ ಉಮ್ಮರ್. "ಬೆಳಿಗ್ಗೆ ಅದೇ ಕ್ಲಾಸಿನ ಕಸ ಗುಡಿಸುದು, ಸಂಜೆ ಅದರಲ್ಲೇ ಕೂತುಕೊಳ್ಳುದಾ? ನಿದ್ದೆ ಯಾವಾಗ ಮಾಡುದು?"

"ಊರಿಗೆ ಹೋದ ಮೇಲೆ."

"ಓದಿ ಎಂತ ಮಾಡ್ತಿ?"

"ವೀಸಾ ಬದಲು ಮಾಡ್ಲಿಕ್ಕೆ ಆಗ್ತದಾ ನೋಡುದು. ಒಂದು ವರ್ಷದ ಸರ್ಟಿಫಿಕೇಟ್ ಇದ್ರೆ ಕ್ಲರ್ಕಿಗೆ ತಗೊಳ್ತಾರಂತೆ. ನನ್ನ ಮೊಣಕಾಲು ಮುಗಿಯಿತು ಉಮ್ಮರ್. ಇನ್ನು ಎರಡು ವರ್ಷ ಈ ನೆಲ ಒರೆಸಿದ್ರೆ ನನ್ನನ್ನೇ ಒರೆಸಿ ಹಾಕಬೇಕು."

ಉಮ್ಮರ್ ಮರುವಾರದಿಂದ ವ್ಯಾನಿನ ಕೊನೆಯ ಸುತ್ತನ್ನು ಸಂಜೆ ಕ್ಲಾಸು ಬಿಡುವ ಎಂಟೂವರೆಗೆ ಅಜೈಬಾದ ಮೇಲೆ ತಂದ. ಸೂಪರ್‌ವೈಸರ್ ಕೇಳಿದರೆ ರಸ್ತೆ ರಿಪೇರಿ ಎನ್ನುತ್ತಿದ್ದ.

ಸಂಜೆಯ ಇಂಗ್ಲಿಷ್ ಕಾಂಪೊಸಿಷನ್ ಕ್ಲಾಸು ಫಿಲಿಪ್ ಸರ್ ಅವರದು. ಮಂಗಳೂರಿನ ವೆಲೆನ್ಸಿಯಾದವರು, ಕೆಟ್ಟ ಮನುಷ್ಯರಲ್ಲ. ಕೆಟ್ಟವರಲ್ಲದವರಿಂದ ಎಷ್ಟು ಉಪಕಾರ ಆಗುತ್ತದೆ ಎಂಬುದು ಮುಂದೆ ಗೊತ್ತಾಗುತ್ತದೆ. ಟರ್ಮಿನ ಕೊನೆಗೆ ಒಂದು ಪೇಪರು ಬರೆದು ಕೊಡಬೇಕು ಎಂದರು. ಐದು ಪುಟ, ಐದು ಪುಸ್ತಕದ ಆಧಾರ. ಅದರಲ್ಲಿ ಪಾಸಾದರೆ ಮುಂದಿನ ಟರ್ಮು, ಇಲ್ಲದಿದ್ದರೆ ಖಲಾಸ್.

"ಒಂದು ಮಾತು ನೆನಪಿಡಿ," ಎಂದರು ಕ್ಲಾಸಿಗೆ. "ಯಾವ ವಿಷಯ ಎಲ್ಲಿಂದ ತಂದಿರಿ, ಅದನ್ನು ಪ್ರಾಮಾಣಿಕವಾಗಿ ಬರೀಬೇಕು. ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು, ನಾನು ಹುಡುಕಿ ಹೋದರೆ ನನಗೂ ಸಿಗಬೇಕು. ಮುಚ್ಚಿಟ್ಟರೆ ಅದು ಕಳ್ಳತನ."

ಪೂವಪ್ಪ ಅದನ್ನು ಹಾಗೆಯೇ ನೋಟ್ ಪುಸ್ತಕದಲ್ಲಿ ಬರೆದುಕೊಂಡ. ಇವನ ತಪ್ಪು ಅಲ್ಲಿಂದಲೇ ಶುರು. ದೊಡ್ಡವರು ಪ್ರಾಮಾಣಿಕವಾಗಿ ಎಂದಾಗ ಎಷ್ಟು ಪ್ರಾಮಾಣಿಕವಾಗಿ ಎಂದು ತಿರುಗಿ ಕೇಳಬೇಕಿತ್ತು.

ವಿಷಯ ಅವರವರ ಇಷ್ಟ. ಪೂವಪ್ಪ ಫಲಜ್ ಆರಿಸಿಕೊಂಡ. ಗುಡ್ಡದ ಬುಡದಿಂದ ನೆಲದೊಳಗೆ ಸುರಂಗ ಕೊರೆದು ಖರ್ಜೂರದ ತೋಟಕ್ಕೆ ನೀರು ತರುವ ಆ ಹಳೆಯ ಕಾಲುವೆ. ಒಂದು ಶುಕ್ರವಾರ ಉಮ್ಮರನ ಜೊತೆ ನಿಜ್ವಾಕ್ಕೆ ಹೋದಾಗ ನೋಡಿದ್ದ. ನೀರನ್ನು ಯಾರಿಗೆ ಎಷ್ಟು ಹೊತ್ತು ಎಂದು ಹಂಚುತ್ತಾರೆ ಎಂದು ಅಲ್ಲಿಯ ಮುದುಕ ಹೇಳಿದ್ದ. ಆದರೆ ಅದರೊಳಗೆ ಇಳಿದು ಕೆಸರು ತೆಗೆಯುವವರು ಯಾರು? ಪೂವಪ್ಪನಿಗೆ ಬೇಕಾದದ್ದು ಅದು.

ಯಾಕೆ ಬೇಕಿತ್ತು ಎಂದು ಹೇಳಬೇಕೆ? ಅವನ ಅಪ್ಪ ಪ್ರತಿ ಬೇಸಿಗೆ ಧಣಿಗಳ ಬಾವಿಗೆ ಇಳಿಯುತ್ತಿದ್ದ. ಸೊಂಟಕ್ಕೆ ಹಗ್ಗ. ಎದೆಮಟ್ಟ ಕೆಸರು. ಬುಟ್ಟಿ ತುಂಬಿಸುತ್ತಿದ್ದ, ಮೇಲಿನವರು ಎಳೆಯುತ್ತಿದ್ದರು. ಮೂರು ದಿನ ಇಳಿದರೆ ಒಂದು ವಾರ ಕೆಮ್ಮು. ಕೆಸರು ಮುಗಿದು ತಿಳಿನೀರು ಬಂದ ದಿನ ಅಪ್ಪನನ್ನು ಮೇಲೆ ಹತ್ತಿಸಿ, ಬಾವಿಗೆ ಗೋಮೂತ್ರ ಹಾಕಿ, ಮಂತ್ರ ಹೇಳಿಸಿ ಶುದ್ಧ ಮಾಡುತ್ತಿದ್ದರು. ಆಮೇಲೆ ಆ ಬಾವಿಯ ಹಗ್ಗ ಅಪ್ಪ ಮುಟ್ಟುವ ಹಾಗಿಲ್ಲ. ಇದನ್ನು ನೋಡಿ ಬೆಳೆದವನು ಕಾಲುವೆ ಕಂಡರೆ ನೀರಿನ ಚಂದ ನೋಡುತ್ತಾನೆಯೇ?

ಪುಸ್ತಕ ಎಲ್ಲಿವೆ ಎಂದು ಅವನಿಗೆ ಗೊತ್ತಿತ್ತು. ಆ ಲೈಬ್ರರಿಯಲ್ಲಿ ಯಾವ ಪುಸ್ತಕ ಯಾವ ಸಾಲಿನಲ್ಲಿದೆ, ಯಾವುದರ ಬೆನ್ನು ಹರಿದಿದೆ, ಯಾವುದನ್ನು ಒಂದು ವರ್ಷದಿಂದ ಯಾರೂ ತೆಗೆದಿಲ್ಲ ಎಲ್ಲ ಗೊತ್ತಿತ್ತು. ಗೊತ್ತಿಲ್ಲದ್ದು ಒಂದೇ. ಅವುಗಳನ್ನು ತೆಗೆದುಕೊಂಡು ಕುರ್ಚಿಯಲ್ಲಿ ಕೂರುವುದು ಹೇಗೆ.

ಲೈಬ್ರೇರಿಯನ್ ರತ್ನಪ್ರಭಾ ಮೇಡಂ. ಮೈಸೂರಿನ ಸರಸ್ವತಿಪುರಂನವರು. ಗಂಡ ಬ್ಯಾಂಕಿನಲ್ಲಿ ದೊಡ್ಡ ಹುದ್ದೆ. ಪೂವಪ್ಪ ಕೆಲಸಕ್ಕೆ ಬಂದ ಮೊದಲ ವಾರ ಅವನ ಬಾಯಲ್ಲಿ ಕನ್ನಡ ಕೇಳಿ ಕುಣಿದಾಡಿದ್ದರು.

"ಅಯ್ಯೋ, ನಮ್ಮೋರೇನಪ್ಪಾ ನೀವು! ಇಲ್ಲಿ ಬರೀ ಮಲಯಾಳ ಕೇಳಿ ಕೇಳಿ ಕಿವಿ ತೂತು ಬಿದ್ದಿತ್ತು. ಬನ್ನಿ, ಚಿತ್ರಾನ್ನ ತಂದಿದೀನಿ, ತಗೊಳ್ಳಿ."

ತಮ್ಮ ಡಬ್ಬಿಯ ಸ್ಟೀಲು ಮುಚ್ಚಳದಲ್ಲಿ ಹಾಕಿ ಕೊಟ್ಟರು. ತಮ್ಮ ನೀರಿನ ಬಾಟಲಿ ಕೊಟ್ಟು ಕೂಲರಿನಿಂದ ತುಂಬಿಸಿಕೊಂಡು ಬರಲು ಹೇಳಿದರು. ಹದಿನೈದು ದಿನ ಹೀಗೇ ನಡೆಯಿತು. ಒಂದು ದಿನ ಕೇಳಿದರು, "ಮನೆ ಕಡೆ ಏನ್ ಮಾಡ್ಕೊಂಡಿದಾರಪ್ಪ?"

"ಕೂಲಿ ಮೇಡಂ. ಅಪ್ಪ ಬಾವಿ ಕೆಲಸ ಮಾಡ್ತಿದ್ರು. ನಾವು ಕಾಲೊನಿಯಲ್ಲಿರುದು."

"ಕಾಲೊನಿ ಅಂದ್ರೆ?"

"ಎಸ್ಸಿ ಕಾಲೊನಿ."

"ಓ," ಎಂದರು. "ಪಾಪ."

ಮರುದಿನ ಚಿತ್ರಾನ್ನ ಪೇಪರಿನಲ್ಲಿ ಬಂತು. ಅದರ ಮರುದಿನ ಬರಲಿಲ್ಲ. ನೀರಿನ ಬಾಟಲಿಯನ್ನು ಅವರೇ ಎತ್ತಿಕೊಂಡು ಹೋಗಿ ತುಂಬಿಸತೊಡಗಿದರು. ನೀವು ಹೋಗಿ ನೀನು ಬಂತು. ಬೈಯಲಿಲ್ಲ, ಹೊಡೆಯಲಿಲ್ಲ. ಮಸ್ಕತ್ತಿಗೆ ವಿಮಾನ ಹತ್ತುವಾಗ ಎಲ್ಲರೂ ಇಪ್ಪತ್ತು ಕಿಲೋ ಸಾಮಾನು ತರುತ್ತಾರೆ. ಈ ಸಾಮಾನನ್ನು ಯಾವ ಏರ್‌ಪೋರ್ಟಿನವರೂ ತೂಗುವುದಿಲ್ಲ.

ಪೇಪರಿನ ವಿಷಯ ಕೊಟ್ಟ ಮರುದಿನ ಊಟದ ವಿರಾಮದಲ್ಲಿ ಪೂವಪ್ಪ ಯೂನಿಫಾರಂ ಬಿಚ್ಚಿ, ಮುಖ ತೊಳೆದು, ಕ್ಯಾಂಪಿನಿಂದ ತಂದ ಬಿಳಿ ಶರ್ಟು ಹಾಕಿ ಲೈಬ್ರರಿಗೆ ಬಂದ. ಬಾಗಿಲ ಬಳಿ ಓದುಗರ ರಿಜಿಸ್ಟರ್ ಇತ್ತು. ಹೆಸರು ಬರೆಯಲು ಪೆನ್ನು ಎತ್ತಿದ.

"ಏನಿದು?" ಎಂದರು ಮೇಡಂ.

"ಸಂಜೆ ಕ್ಲಾಸಿಗೆ ಸೇರಿದ್ದೇನೆ ಮೇಡಂ. ಪೇಪರು ಬರೀಲಿಕ್ಕುಂಟು."

"ಕಾರ್ಡ್ ಇದ್ಯಾ?"

"ಕೊಡ್ಲಿಲ್ಲ. ಲೈಬ್ರರಿಯಲ್ಲೇ ಮಾಡಿಸ್ಬೇಕು ಅಂದ್ರು."

"ಲೇಬರ್ ಕಾರ್ಡ್ ಕಾಪಿ ತಗೊಂಡ್ಬಾ."

ಲೇಬರ್ ಕಾರ್ಡು ಕಂಪನಿಯ ಕಪಾಟಿನಲ್ಲಿ, ಪಾಸ್‌ಪೋರ್ಟು ವೀಸಾ ಕೊಟ್ಟ ಅರಬಿ ಧಣಿ ಕಫೀಲನ ಕಪಾಟಿನಲ್ಲಿ. ಸೂಪರ್‌ವೈಸರನ ಹಿಂದೆ ಹದಿನೆಂಟು ದಿನ ಅಲೆದು, ಮತ್ತೆ ಬಿಳಿ ಶರ್ಟು ಹಾಕಿ ಕಾಪಿ ತಂದ. ಮೇಡಂ ಅದನ್ನು ತಿರುಗಿಸಿ ನೋಡಿದರು.

"ಇದ್ರಲ್ಲಿ ಕ್ಲೀನರ್ ಅಂತ ಇದೆಯಲ್ಲಪ್ಪ. ಕ್ಲೀನರ್‌ಗೆ ಒಳಗಡೆ ಬರಕ್ಕೆ ಪರ್ಮಿಷನ್ ಇರೋದು ಕ್ಲೀನ್ ಮಾಡಕ್ಕೆ."

"ಫೀಸು ಕಟ್ಟಿದ್ದೇನೆ ಮೇಡಂ. ರಸೀದಿ ಉಂಟು."

"ಅದು ಸಂಜೆ ಕ್ಲಾಸಿಗೆ. ಲೈಬ್ರರಿ ಐದಕ್ಕೆ ಮುಚ್ಚತ್ತೆ. ಐದರವರೆಗೆ ನೀನು ಡ್ಯೂಟಿಲಿರ್ತೀಯ. ನೀನೇ ಹೇಳು, ನಾನೇನ್ ಮಾಡ್ಲಿ?" ಆಮೇಲೆ ದನಿ ತಗ್ಗಿಸಿದರು. "ಹೆಣ್ಮಕ್ಕಳು ಕೂತಿರ್ತಾರೆ. ನಿನ್ನ ಮೈಯೆಲ್ಲ ಫಿನಾಯಿಲ್ ವಾಸನೆ. ಅರ್ಥ ಮಾಡ್ಕೋ."

ಫಿನಾಯಿಲು ಆ ಹೆಣ್ಣುಮಕ್ಕಳ ಪಾಯಿಖಾನೆಯದೇ. ಅದನ್ನು ಹೇಳಬೇಕಿತ್ತು. ಬಿಳಿ ಶರ್ಟು ಬಿಚ್ಚಿ ಯೂನಿಫಾರಂ ಹಾಕಿಕೊಂಡು ಕಪಾಟು ಒರೆಸಲು ಹೋದ. ದಣಿದು ಬಚ್ಚಿತ್ತು ಅವನಿಗೆ. ಸಿಟ್ಟು ಮಾಡಲಿಕ್ಕೂ ಮೈಯಲ್ಲಿ ಶಕ್ತಿ ಬೇಕಾಗುತ್ತದೆ.

ಫಿಲಿಪ್ ಸರ್‌ಗೆ ಹೇಳಿದ. ಅವರು ತಲೆ ಕೆರೆದುಕೊಂಡರು. "ನಾನು ಮಾತಾಡ್ತೇನೆ ಆಯ್ತಾ? ಸ್ವಲ್ಪ ಅಡ್ಜಸ್ಟ್ ಮಾಡಿ," ಎಂದರು. ಮಾತಾಡಿದರೋ ಇಲ್ಲವೋ ದೇವರಿಗೇ ಗೊತ್ತು.

ಆಗ ಪೂವಪ್ಪ ಅಡ್ಜಸ್ಟ್ ಮಾಡಿದ.

ಒಂದು ಪುಸ್ತಕ ಒರೆಸುವುದೆಂದರೆ ಹೀಗೆ. ಸಾಲಿನಿಂದ ತೆಗೆಯಬೇಕು, ತಲೆಯ ಮೇಲಿನ ಧೂಳು ಒರೆಸಬೇಕು, ಬೆನ್ನು, ಎದೆ, ಆಮೇಲೆ ಹಾಳೆಗಳನ್ನು ಒಮ್ಮೆ ಬಿಡಿಸಿ ಕೊಡವಿ ಹಿಂದಿಡಬೇಕು. ಅರ್ಧ ನಿಮಿಷ. ಆ ಅರ್ಧ ನಿಮಿಷದ ಕೆಲಸವನ್ನು ಅವನು ಹತ್ತು ಸೆಕೆಂಡಿನಲ್ಲಿ ಮುಗಿಸಲು ಕಲಿತ. ಉಳಿದ ಇಪ್ಪತ್ತು ಸೆಕೆಂಡು ಅವನದು. ಒಂದು ವಾಕ್ಯ ಓದಬಹುದು. ಪುಣ್ಯವಿದ್ದರೆ ಎರಡು. ಅದನ್ನು ಬಾಯಲ್ಲೇ ಉರು ಹೊಡೆಯುತ್ತ ಬಕೆಟ್ಟು ಹಿಡಿದು ಪಾಯಿಖಾನೆಗೆ ಹೋಗುತ್ತಿದ್ದ. ಅಲ್ಲಿ ಬಾಗಿಲ ಹಿಂದೆ ಕಂಪನಿಯ ಚೆಕ್‌ಲಿಸ್ಟು ನೇತಾಡುತ್ತದೆ. ಜಾಗ ಯಾವುದು, ಎಷ್ಟು ಗಂಟೆಗೆ, ಏನು ಮಾಡಿದ್ದು, ಸಹಿ. ಅದರ ಹಿಂಬದಿ ಖಾಲಿ. ವಾಕ್ಯವನ್ನು ಅಲ್ಲಿ ಬರೆಯುತ್ತಿದ್ದ. ಎಷ್ಟೋ ಸಲ ದಾರಿಯಲ್ಲಿ ಯಾರೋ ಕರೆದು, "ಏಯ್, ಇಲ್ಲಿ ಚಾ ಚೆಲ್ಲಿದೆ, ಬೇಗ ಬಾ, ಯಲ್ಲಾ ಯಲ್ಲಾ," ಎನ್ನುತ್ತಿದ್ದರು. ಚಾ ಒರೆಸಿ ಏಳುವಷ್ಟರಲ್ಲಿ ಅರ್ಧ ವಾಕ್ಯ ಮರೆತುಹೋಗಿರುತ್ತಿತ್ತು. ಮರುದಿನ ಮತ್ತೆ ಅದೇ ಕಪಾಟು, ಅದೇ ಪುಟ.

ಹೀಗೆ ಐದು ಪುಸ್ತಕ. ನಲವತ್ತೇಳು ದಿನ. ಎಲ್ಲ ಪುಸ್ತಕದಲ್ಲೂ ನೀರಿನ ಪಾಲಿನ ಲೆಕ್ಕ ಉದ್ದಕ್ಕೂ ಇತ್ತು, ಕೆಸರು ತೆಗೆದವರ ಮಾತು ಅಲ್ಲೊಂದು ಇಲ್ಲೊಂದು ಸಾಲು. ಒಂದು ಹಸಿರು ರಟ್ಟಿನ ಪುಸ್ತಕದಲ್ಲಿ ಮಾತ್ರ, ಸುರಂಗದೊಳಗೆ ಇಳಿದವರು ಮಣ್ಣು ಕುಸಿದು ಅಲ್ಲೇ ಉಳಿದದ್ದೂ ಉಂಟು ಎಂದಿತ್ತು. ಆ ಸಾಲು ಓದಿದ ದಿನ ಪೂವಪ್ಪ ಪುಸ್ತಕವನ್ನು ಹಿಂದಿಡುವುದನ್ನೇ ಮರೆತು ನಿಂತುಬಿಟ್ಟ. ಮೇಡಂ ದೂರದಿಂದ ಚಪ್ಪಾಳೆ ತಟ್ಟಿ ಎಚ್ಚರಿಸಿದರು.

ಶುಕ್ರವಾರ ಕ್ಯಾಂಪಿನ ಮಂಚದ ಮೇಲೆ ಕೂತು ಪೇಪರು ಬರೆದ. ಅಪ್ಪನ ಬಾವಿಯನ್ನೂ ಬರೆದ. ಇಂಗ್ಲಿಷು ಕುಂಟುತ್ತಿತ್ತು, ಆದರೆ ನಡೆಯುತ್ತಿತ್ತು. ಕೊನೆಗೆ ಆಧಾರಗಳ ಪಟ್ಟಿ. ಫಿಲಿಪ್ ಸರ್ ಹೇಳಿದ್ದರಲ್ಲ, ಎಲ್ಲಿ ಸಿಕ್ಕಿತು, ಹೇಗೆ ಸಿಕ್ಕಿತು. ಇವನಿಗೆ ಗೊತ್ತಿದ್ದ ನಮೂನೆ ಒಂದೇ, ಪಾಯಿಖಾನೆಯ ಬಾಗಿಲ ಹಿಂದಿನದು. ಬರೆದವರ ಹೆಸರು, ಪುಸ್ತಕದ ಹೆಸರು, ಪುಟ ಹಾಕಿ, ಅದರ ಕೆಳಗೆ ಹೀಗೆ ಬರೆದ:

'ಕಪಾಟು 31, ಮೂರನೇ ಸಾಲು. ಸೋಮವಾರ ಬೆಳಿಗ್ಗೆ 10.40. ಧೂಳು ಒರೆಸುವಾಗ ನಿಂತು ಓದಿದ್ದು.' ಮುಂದೆ ಸಹಿ.

ಐದು ಪುಸ್ತಕಕ್ಕೂ, ಅವುಗಳಿಂದ ತಂದ ಒಂದೊಂದು ವಾಕ್ಯಕ್ಕೂ ಹಾಗೆಯೇ. ಅರುವತ್ತೆರಡು ಕಡೆ 'ನಿಂತು ಓದಿದ್ದು' ಎಂದು ಬಂತು. ಉಮ್ಮರ್ ಪುಟ ತಿರುಗಿಸಿ ನೋಡಿದ. ಇಂಗ್ಲಿಷು ಅವನಿಗೆ ಬಾರದು. "ಇಷ್ಟು ಸಹಿ ಹಾಕಿದ್ದಿಯಲ್ಲ, ಪೊಲೀಸ್ ಸ್ಟೇಷನ್ನಿಗೆ ಕೊಡ್ಲಿಕ್ಕಾ?" ಎಂದು ನಕ್ಕ.

ಹತ್ತು ದಿನದ ನಂತರ, ಬುಧವಾರ ಮಧ್ಯಾಹ್ನ, ಮೇಡಂ ತಮ್ಮ ಕೋಣೆಗೆ ಕರೆಸಿದರು. ಫಿಲಿಪ್ ಸರ್ ಆಗಲೇ ಅಲ್ಲಿದ್ದರು. ಆಧಾರಗಳು ನಿಜವೋ ಎಂದು ನೋಡಲು ಎಲ್ಲರ ಪೇಪರುಗಳನ್ನೂ ಅವರೇ ಲೈಬ್ರರಿಗೆ ಕಳಿಸಿದ್ದರು. ಪೂವಪ್ಪನ ಪೇಪರು ಮೇಜಿನ ಮೇಲೆ ಬಿದ್ದಿತ್ತು. ಸಹಿ ಹಾಕಿದ ಸಾಲುಗಳ ಕೆಳಗೆಲ್ಲ ಕೆಂಪು ಗೆರೆ.

"ಏನೋ ಇದು?" ಎಂದರು ಮೇಡಂ. "ಡ್ಯೂಟಿಲಿ ಕದ್ದು ಓದಿದ್ದೂ ಅಲ್ದೆ, ಅದಕ್ಕೆ ಟೈಮ್ ಬೇರೆ ಹಾಕಿದೀಯಾ? ಈ ಪೇಪರ್‌ಗಳು ಹೊರಗಿನ ಯೂನಿವರ್ಸಿಟಿಗೆ ಹೋಗ್ತವೆ. ಫೀಸು ಕಟ್ಟಿರೋ ಸ್ಟೂಡೆಂಟು ಯಾಕೆ ನಿಂತು ಓದಿದ ಅಂತ ಅವರು ಕೇಳಿದ್ರೆ ನಾನೇನ್ ಹೇಳ್ಲಿ?"

ಉತ್ತರ ಅವರ ಪ್ರಶ್ನೆಯಲ್ಲೇ ಇತ್ತು.

ಫಿಲಿಪ್ ಸರ್ ಮೆಲ್ಲಗೆ ಹೇಳಿದರು, "ಪೂವಪ್ಪ, ನೋಡಿ. ಪೇಪರು ಚೆನ್ನಾಗುಂಟು. ನಿಜವಾಗಿ ಚೆನ್ನಾಗುಂಟು. ಆ ಬಾವಿಯ ಭಾಗ ಓದಿ ನನಗೆ ರಾತ್ರಿ ಊಟ ಸೇರ್ಲಿಲ್ಲ. ಆದ್ರೆ ಆಧಾರ ಹಾಗೆ ಬರಿಲಿಕ್ಕಿಲ್ಲ ಮಾರಾಯ್ರೇ. ಹೆಸರು, ವರ್ಷ, ಪುಟ, ಅಷ್ಟೇ. ಈ ನಿಂತದ್ದು, ಒರೆಸಿದ್ದು ಎಲ್ಲ ತೆಗ್ದುಬಿಡಿ. ಕೊನೆಯ ಒಂದು ಹಾಳೆ ಬದಲಾಯಿಸಿ, ನಾನು ಪಾಸ್ ಮಾಡ್ತೇನೆ."

ಪಾಸ್. ಆ ಮಾತು ಕಿವಿಗೆ ಬಿದ್ದಾಗ ಪೂವಪ್ಪನಿಗೆ ಆಸೆ ಆಯಿತು. ಯಾಕೆ ಸುಳ್ಳು ಹೇಳಬೇಕು, ತುಂಬ ಆಸೆ ಆಯಿತು. ಒಂದು ಹಾಳೆ ತಾನೆ?

"ಹಾಳೆ ಬದಲಾಯಿಸಿದ್ರೆ ಸಾಲ್ದು," ಎಂದರು ಮೇಡಂ. "ಒಂದು ಲೆಟರ್ ಬೇಕು. ನಂಗೆ ಲೈಬ್ರರಿಲಿ ಎಲ್ಲಾ ಅನುಕೂಲ ಇತ್ತು, ಕೂತು ಓದಿದೀನಿ, ಪೇಪರಲ್ಲಿ ತಪ್ಪಾಗಿ ಬರ್ದೆ, ಕ್ಷಮಿಸಿ ಅಂತ. ಟೈಪ್ ಮಾಡಿಟ್ಟಿದೀನಿ. ಸೈನ್ ಮಾಡಿದ್ರೆ ಸಾಕು. ಇಲ್ದಿದ್ರೆ ನಿಮ್ಮ ಕಂಪನಿಗೆ ಕಂಪ್ಲೇಂಟ್ ಹೋಗತ್ತೆ."

ಆಮೇಲೆ ಮೇಜಿನ ಎದುರಿನ ಕುರ್ಚಿಯನ್ನು ತಾವೇ ಹಿಂದಕ್ಕೆ ಎಳೆದರು.

"ಕೂತ್ಕೋ ಪೂವಪ್ಪ. ಕೂತ್ಕೊಂಡು ಸೈನ್ ಮಾಡು."

ಒಂದೂವರೆ ವರ್ಷ ಆ ಕುರ್ಚಿಯ ಕಾಲು ಒರೆಸಿದ್ದ. ಅದರ ಸೀಟಿನ ಕೆಳಗೆ ಹುಡುಗರು ಅಂಟಿಸಿದ ಚೂಯಿಂಗ್ ಗಮ್ಮು ಕೆರೆದು ತೆಗೆದಿದ್ದ. ಕೂತ್ಕೋ ಎಂದವರು ಇವತ್ತಿನವರೆಗೆ ಯಾರೂ ಇರಲಿಲ್ಲ. ಓದಲಿಕ್ಕೆ ಇರದ ಕುರ್ಚಿ ಸುಳ್ಳಿಗೆ ಸಹಿ ಹಾಕಲಿಕ್ಕೆ ಬಂತು. ಥೂ.

"ಬೇಡ ಮೇಡಂ," ಎಂದ.

"ಏನ್ ಬೇಡ?"

"ಕುರ್ಚಿ ಬೇಡ. ಲೆಟರೂ ಬೇಡ. ನಾನು ನಿಂತೇ ಓದಿದ್ದು. ಕೂತು ಓದಿದೆ ಅಂತ ನಾನು ಬರೀಲಿಕ್ಕಿಲ್ಲ."

"ಪೂವಪ್ಪ, ಹಟ ಮಾಡ್ಬೇಡಿ," ಎಂದರು ಫಿಲಿಪ್ ಸರ್.

"ಹಟ ಅಲ್ಲ ಸಾರ್. ನೀವೇ ಹೇಳಿದ್ದು, ಮುಚ್ಚಿಟ್ಟರೆ ಕಳ್ಳತನ ಅಂತ. ನಲವತ್ತೇಳು ದಿನ ನನ್ನ ಕಾಲು ಬಾತಿದ್ದು ಸುಳ್ಳಾ? ನನ್ನ ಅಪ್ಪ ಬಾವಿಗಿಳಿದು ಕೆಸರು ತೆಗ್ದ. ಯಾವ ಬಾವಿಯಲ್ಲೂ ಅವನ ಹೆಸರಿಲ್ಲ. ನಾನು ಬರ್ದದ್ದಾದ್ರೂ ಹಾಗೇ ಇರ್ಲಿ."

"ಕಂಪ್ಲೇಂಟ್ ಹೋಗತ್ತೆ ಅಂದೆ," ಎಂದರು ಮೇಡಂ.

"ಹೋಗ್ಲಿ."

ಹೋಯಿತು. ಅದನ್ನು ಈಗಲೇ ಹೇಳಿ ಮುಗಿಸಿಬಿಡೋಣ. ಆ ಶನಿವಾರದಿಂದ ಕಂಪನಿ ಅವನನ್ನು ಗುಡ್ಡದಾಚೆ ಅಲ್ ಅಮೇರಾತಿನ ಒಂದು ಗ್ಯಾರೇಜಿಗೆ ಹಾಕಿತು. ಅಲ್ಲಿಂದ ಸಂಜೆ ಅಜೈಬಾಕ್ಕೆ ಬರಲು ವ್ಯಾನಿಲ್ಲ. ಉಮ್ಮರನ ರಸ್ತೆ ರಿಪೇರಿಯೂ ಅಷ್ಟು ದೂರ ಎಳೆಯುವಂಥದ್ದಲ್ಲ. ಕ್ಲರ್ಕು ಕೆಲಸ, ಸರ್ಟಿಫಿಕೇಟು ಎಲ್ಲ ಖಲಾಸ್. ಮೇಡಂ ಅವರ ಲೈಬ್ರರಿಯ ಧೂಳನ್ನು ಬೇರೊಬ್ಬ ಒರೆಸತೊಡಗಿದ. ನ್ಯಾಯ ಸಿಕ್ಕಿತು ಎಂದು ಹೇಳುವ ಕತೆ ಬೇಕಾದವರು ಬೇರೆ ಕಡೆ ಹುಡುಕಿಕೊಳ್ಳಲಿ.

ಆದರೆ ಆ ಬುಧವಾರ ಆ ಕೋಣೆಯಲ್ಲಿ ಇನ್ನೊಂದು ಮಾತು ನಡೆಯಿತು. ಮೇಡಂ ಎದ್ದು ಹೋದ ಮೇಲೆ ಫಿಲಿಪ್ ಸರ್ ತಮ್ಮ ಮಾರ್ಕಿನ ಪುಸ್ತಕ ತೆರೆದರು. ಪಾಪ, ಅವರ ಕಣ್ಣು ಒದ್ದೆಯಾಗಿತ್ತು.

"ಈ ಪೇಪರು ಕಳಿಸ್ಲಿಕ್ಕೆ ಮೇಡಂ ನನ್ನನ್ನು ಬಿಡ್ಲಿಕ್ಕಿಲ್ಲ," ಎಂದರು. "ಕಳಿಸದೆ ಪಾಸ್ ಮಾರ್ಕು ಹಾಕ್ಲಿಕ್ಕೂ ಇಲ್ಲ. ಒಂದು ಕೆಲಸ ಮಾಡ್ತೇನೆ. ಗೈರುಹಾಜರು ಅಂತ ಹಾಕ್ತೇನೆ. ಫೇಲ್ ಅಂತ ಬರುದಿಲ್ಲ. ನೀವು ಕ್ಲಾಸಿಗೆ ಬರ್ಲೇ ಇಲ್ಲ ಅಂತ ಆಗ್ತದೆ. ನಿಮಗೆ ಮರ್ಯಾದೆ ಉಳೀತದೆ."

ಪೂವಪ್ಪ ಮೇಜಿನ ಹತ್ತಿರ ಬಂದ. ಪುಸ್ತಕದಲ್ಲಿ ಹೆಸರುಗಳ ಸಾಲು ಇತ್ತು. ಹದಿಮೂರನೆಯದು ಅವನದು, ಇಂಗ್ಲಿಷಿನಲ್ಲಿ, ನೀಲಿ ಶಾಯಿಯಲ್ಲಿ, ಇನಿಷಿಯಲ್ ಸಮೇತ. ಅದರ ಮುಂದಿನ ಚೌಕ ಖಾಲಿ.

"ಗೈರುಹಾಜರು ಹಾಕ್ಬೇಡಿ ಸಾರ್," ಎಂದ. "ಸೊನ್ನೆ ಹಾಕಿ."

"ಸೊನ್ನೆಯಾ? ಯಾಕೆ ಮಾರಾಯ್ರೇ?"

"ಸೊನ್ನೆ ಹಾಕಿ. ನಾನು ಬಂದಿದ್ದೆ."

ಫಿಲಿಪ್ ಸರ್ ಪೆನ್ನಿನ ಮುಚ್ಚಳ ತೆಗೆದರು. ಅವರು ಸೊನ್ನೆ ಬರೆಯುವವರೆಗೂ ಪೂವಪ್ಪ ಅಲ್ಲಿಂದ ಕದಲಲಿಲ್ಲ.